ಕನ್ನಡದಲ್ಲಿ ಹುಡುಕುವವರಿದ್ದಾರೆ, ಬರೆದಿಡುವವರು ಬೇಕು

ಸಣ್ಣ ವ್ಯಾಪಾರ ಮಾಡುವವರು ತಮ್ಮ ಅಂಗಡಿಯ, ಸರಕಿನ, ಕೆಲಸದ ವಿವರವನ್ನು ಅಂತರಜಾಲದಲ್ಲಿ ಕನ್ನಡದಲ್ಲಿಯೂ ಬರೆದಿಡಬೇಕು, ಹುಡುಕಿದವರಿಗೆ ಸಿಗುವಂತೆ ಬರೆದಿಡಬೇಕು, ಅದೂ ತಮ್ಮ ಕೈಯಲ್ಲೇ ಉಳಿಯುವ ಪುಟದಲ್ಲಿ ಬರೆದಿಡಬೇಕು ಎಂದು ನಾನು ವಾದಿಸುತ್ತ ಬಂದಿದ್ದೇನೆ. ಇಂಗ್ಲಿಷ್ ಬೇಡವೆಂದು ಎಲ್ಲಿಯೂ ಹೇಳಿಲ್ಲ. ಬರೀ ಇಂಗ್ಲಿಷನ್ನು ನೆಚ್ಚಿ ಕೂತರೆ ನಷ್ಟ ಅಂಗಡಿಯವರಿಗೇ ಎಂದಿದ್ದೇನೆ. ಈ ಮಾತಿಗೆ ಆಕ್ಷೇಪಗಳು ಬಂದಿವೆ. ಕೆಲವು ಮಾರ್ಕೆಟಿಂಗ್ ಏಜೆನ್ಸಿ ನಡೆಸುವವರದು, ಕೆಲವು ಅಂಗಡಿ ಮಾಲೀಕರದು, ಇನ್ನು ಕೆಲವು ಪ್ರಚಾರವೆಂದರೆ ಮುಖ ಗಂಟಿಕ್ಕುವ ಹಿರಿಯರದು. ಯಾವುದನ್ನೂ ತಳ್ಳಿಹಾಕದೆ ಒಂದೊಂದಾಗಿ ಉತ್ತರಿಸುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಕೇಳಿಬಂದದ್ದು ಏಜೆನ್ಸಿಯವರ ಮಾತು: "ಕನ್ನಡದಲ್ಲಿ ಯಾರೂ ಹುಡುಕುವುದೇ ಇಲ್ಲ. ಕೀವರ್ಡ್ ಲೆಕ್ಕ ತೆಗೆದು ನೋಡಿ, ಸೊನ್ನೆ ಬರುತ್ತದೆ."

ಆ ಲೆಕ್ಕವನ್ನು ನಾನೂ ನೋಡುತ್ತೇನೆ. ಅದು ಹೇಳುವುದೇನು, ಹೇಳದೆ ಬಿಡುವುದೇನು ಎಂಬುದನ್ನು ಬೇರ್ಪಡಿಸಿ ನೋಡಬೇಕು. ಒಂದು ಪದವನ್ನು ಸಾವಿರಾರು ಜನ ಹುಡುಕಿದಾಗ ಅಲ್ಲಿ ದೊಡ್ಡ ಅಂಕಿ ಕಾಣುತ್ತದೆ. ತಿಂಗಳಿಗೆ ಎಂಟೋ ಹತ್ತೋ ಮಂದಿ ಹುಡುಕುವ ಪದ ಲೆಕ್ಕಕ್ಕೇ ಬಾರದಂತೆ ತೋರುತ್ತದೆ. ಮುಂಬಯಿಯಿಂದ ದೇಶಕ್ಕೆಲ್ಲ ಸರಕು ಕಳಿಸುವ ಕಂಪನಿಗೆ ಹತ್ತು ಮಂದಿ ಏನೂ ಅಲ್ಲ. ಹಾವೇರಿಯಲ್ಲಿ ಗಾಣ ಇಟ್ಟುಕೊಂಡು ಕುಸುಬೆ ಎಣ್ಣೆ ತೆಗೆಯುವವರಿಗೆ "ಕುಸುಬೆ ಎಣ್ಣೆ ಎಲ್ಲಿ ಸಿಗುತ್ತದೆ" ಎಂದು ಕೇಳಿ ಫೋನು ಮಾಡುವ ಹತ್ತು ಮಂದಿ ಒಳ್ಳೆಯ ವ್ಯಾಪಾರ. ದೊಡ್ಡ ಕಂಪನಿಗಾಗಿ ಹೊಲಿದ ಅಳತೆಯಲ್ಲಿ ಸಣ್ಣ ಅಂಗಡಿಯನ್ನು ಅಳೆದು, ಆಮೇಲೆ ಅಂಗಡಿ ಸಣ್ಣದು ಎಂದು ತೀರ್ಪು ಕೊಡುವುದು ನ್ಯಾಯವಲ್ಲ.

ಇನ್ನೊಂದು ಸಂಗತಿ ಆ ಲೆಕ್ಕದಲ್ಲಿ ಎಂದೂ ಕಾಣುವುದಿಲ್ಲ. ಕನ್ನಡದಲ್ಲಿ ಹುಡುಕಿದವರಿಗೆ ಏನು ಸಿಕ್ಕಿತು? "ಬೋರ್‌ವೆಲ್ ಮೋಟರ್ ರಿಪೇರಿ" ಎಂದು ಕನ್ನಡದಲ್ಲಿ ಕೇಳಿದವರಿಗೆ ಯಾವುದೋ ಸುದ್ದಿಯ ತುಣುಕು, ಯಂತ್ರ ಮಾಡಿದ ಅಸಂಬದ್ಧ ಅನುವಾದ, ಸಂಬಂಧವಿಲ್ಲದ ವಿಡಿಯೊ ಬಂದರೆ ಅವರು ಎರಡು ಸಲ ನೋಡಿ ಮೂರನೆಯ ಸಲ ಇಂಗ್ಲಿಷ್ ಅಕ್ಷರಕ್ಕೆ ಹೊರಳುತ್ತಾರೆ. ಇದು ಅವರ ಆಯ್ಕೆ ಎಂದು ಏಜೆನ್ಸಿಯವರು ಬರೆದುಕೊಳ್ಳುತ್ತಾರೆ. ಅಂಗಡಿಯವರು ಬರೆಯಲಿಲ್ಲ, ಆದ್ದರಿಂದ ಗಿರಾಕಿಗೆ ಸಿಗಲಿಲ್ಲ. ಗಿರಾಕಿ ಹುಡುಕುವುದನ್ನು ಬಿಟ್ಟರು, ಆದ್ದರಿಂದ ಅಂಗಡಿಯವರು ಬರೆಯಬೇಕಿಲ್ಲ ಎಂದು ಏಜೆನ್ಸಿ ಸಲಹೆ ಕೊಟ್ಟಿತು. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಮುರಿಯಲೇಬೇಕು. ಮುರಿಯುವ ಶಕ್ತಿ ಇರುವುದು ಬರೆಯುವವರಿಗೆ.

ಟೈಪಿಸುವ ಕಷ್ಟವೂ ಈಗ ಮೊದಲಿನಂತಿಲ್ಲ. 2017ರ ಆಗಸ್ಟ್‌ನಲ್ಲಿ ಗೂಗಲ್ ತನ್ನ ಧ್ವನಿ ಶೋಧಕ್ಕೆ ಕನ್ನಡವೂ ಸೇರಿದಂತೆ ಎಂಟು ಭಾರತೀಯ ಭಾಷೆಗಳನ್ನು ಸೇರಿಸಿತು. ಅಂದಿನಿಂದ ಕೀಲಿಮಣೆ ಬಾರದವರೂ ಮೈಕಿನ ಗುರುತು ಒತ್ತಿ ಮಾತಾಡಿ ಕೇಳಬಲ್ಲರು. ಅವರು ಆಡಿದ ಮಾತು ಪರದೆಯ ಮೇಲೆ ಕನ್ನಡ ಲಿಪಿಯಲ್ಲೇ ಮೂಡುತ್ತದೆ. ಹೊಲದಲ್ಲಿ ನಿಂತ ರೈತರು, ಮನೆಯಲ್ಲಿ ಕೂತ ಅಜ್ಜಿಯರು, ಗಾಡಿ ಓಡಿಸುವ ಚಾಲಕರು ಕೇಳುವುದು ಹೀಗೆಯೇ. ಆ ಕನ್ನಡ ಪ್ರಶ್ನೆಗೆ ಹೊಂದುವ ಕನ್ನಡ ಪುಟ ಇರದಿದ್ದರೆ ಉತ್ತರ ಎಲ್ಲಿಂದ ಬರಬೇಕು?

"ಜನ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಹುಡುಕುತ್ತಾರೆ" ಎಂದು ಇದಕ್ಕೆ ಮರುಮಾತು ಬಂದಿದೆ. ನಿಜ, ತುಂಬ ಜನ ಹಾಗೆಯೇ ಮಾಡುತ್ತಾರೆ. ಆದರೆ ಅದರ ಪೇಚನ್ನೂ ನೋಡಿ. ಇಳಕಲ್ ಎಂಬ ಊರ ಹೆಸರನ್ನು, ಖಡಕ್ ರೊಟ್ಟಿ ಎಂಬ ತಿನಿಸನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬರು ಬರೆದಂತೆ ಇನ್ನೊಬ್ಬರು ಬರೆಯುವುದಿಲ್ಲ. ಹಕಾರ ಸೇರಿಸುವವರಿದ್ದಾರೆ, ಬಿಡುವವರಿದ್ದಾರೆ. ಒತ್ತಕ್ಷರಕ್ಕೆ ಎರಡು ಅಕ್ಷರ ಹಾಕುವವರು, ಒಂದಕ್ಕೇ ನಿಲ್ಲಿಸುವವರು ಇದ್ದಾರೆ. ಕನ್ನಡ ಲಿಪಿಯಲ್ಲಿ ಈ ಗೊಂದಲ ತೀರ ಕಡಿಮೆ. ಹಾಗಾಗಿ ನಾನು ಹೇಳುವುದಿಷ್ಟೇ: ಪುಟದ ವಿವರ ಕನ್ನಡದಲ್ಲಿರಲಿ, ಅಂಗಡಿಯ ಹೆಸರೂ ಮುಖ್ಯ ಸರಕಿನ ಹೆಸರೂ ಎರಡೂ ಲಿಪಿಯಲ್ಲಿರಲಿ. ಬೆಂಗಳೂರಿನ ಐಟಿ ಬಡಾವಣೆಗಳಲ್ಲಿ ವ್ಯಾಪಾರ ಮಾಡುವವರಿಗೆ ಇಂಗ್ಲಿಷ್ ಹೆಚ್ಚು ಬೇಕಾಗುತ್ತದೆ, ಒಪ್ಪುತ್ತೇನೆ. ಆದರೆ 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯಿನುಡಿ ಎಂದು ಬರೆಸಿದ 4.37 ಕೋಟಿ ಜನರೆಲ್ಲ ಆ ಬಡಾವಣೆಗಳಲ್ಲಿಲ್ಲ.

ಅಂಕಿಯೇ ಬೇಕೆನ್ನುವವರಿಗೆ ಒಂದು ಹಳೆಯ ವರದಿ ನೆನಪಿಸುತ್ತೇನೆ. ಕೆಪಿಎಂಜಿ ಮತ್ತು ಗೂಗಲ್ ಸೇರಿ 2017ರಲ್ಲಿ ಹೊರತಂದ ವರದಿಯ ಪ್ರಕಾರ, 2016ರಲ್ಲಿಯೇ ಭಾರತೀಯ ಭಾಷೆಗಳಲ್ಲಿ ಅಂತರಜಾಲ ಬಳಸುವವರು 23.4 ಕೋಟಿ, ಇಂಗ್ಲಿಷಿನಲ್ಲಿ ಬಳಸುವವರು 17.5 ಕೋಟಿ. ಭಾರತೀಯ ಭಾಷೆಯ ಬಳಕೆದಾರರಲ್ಲಿ ಶೇ. 88ರಷ್ಟು ಮಂದಿ ಇಂಗ್ಲಿಷ್ ಜಾಹೀರಾತಿಗಿಂತ ತಮ್ಮ ಭಾಷೆಯ ಜಾಹೀರಾತಿಗೆ ಹೆಚ್ಚು ಸ್ಪಂದಿಸುತ್ತಾರೆ ಎಂದೂ ಅದು ಹೇಳಿತ್ತು. ಜಾಹೀರಾತು ಮಾರುವ ಗೂಗಲ್‌ಗೆ ಇದರಲ್ಲಿ ಸ್ವಂತ ಹಿತವಿದೆ, ಆ ಮಾತನ್ನು ಸೇರಿಸಿಕೊಂಡೇ ಓದಬೇಕು. ಆದರೂ ಕೋಟಿಗಟ್ಟಲೆ ಜನರನ್ನು "ಯಾರೂ ಇಲ್ಲ" ಎಂಬ ಎರಡು ಪದದಲ್ಲಿ ಮುಗಿಸಿಬಿಡುವುದನ್ನು ಒಪ್ಪಲಾರೆ.

ಜಾಗ ಖಾಲಿ ಬಿಟ್ಟರೆ ಏನಾಗುತ್ತದೆ ಎಂಬುದನ್ನು 2021ರ ಜೂನ್‌ನಲ್ಲಿ ನಾವೆಲ್ಲ ಕಂಡೆವು. ಭಾರತದ ಅತಿ ಕುರೂಪಿ ಭಾಷೆ ಯಾವುದು ಎಂದು ಕೇಳಿದವರಿಗೆ ಗೂಗಲ್ ನಮ್ಮ ಭಾಷೆಯ ಹೆಸರನ್ನು ಮೇಲೆಯೇ ತೋರಿಸಿತು. ನಾಡೆಲ್ಲ ಸಿಟ್ಟಾಯಿತು, ಸರ್ಕಾರ ನೋಟಿಸಿನ ಮಾತಾಡಿತು, ಕಂಪನಿ ಕ್ಷಮೆ ಕೇಳಿತು. ಅದು ಕಂಪನಿಯ ಅಭಿಪ್ರಾಯವಾಗಿರಲಿಲ್ಲ. ಯಾರೋ ಬರೆದ ಕಳಪೆ ಪುಟವೊಂದರಿಂದ ಯಂತ್ರ ಸಾಲನ್ನು ಎತ್ತಿಕೊಂಡಿತ್ತು. ಆ ಪ್ರಶ್ನೆಗೆ ಹೊಂದುವ ಬೇರೆ ಪುಟಗಳು ಇರಲಿಲ್ಲವಾದ್ದರಿಂದ ಇದ್ದದ್ದೇ ಉತ್ತರವಾಯಿತು. ನಿಮ್ಮ ಊರಿನ ನೇಕಾರಿಕೆಯ ಬಗ್ಗೆ, ನಿಮ್ಮ ಹೋಂಸ್ಟೇ ಬಗ್ಗೆ, ನಿಮ್ಮ ಅಡಕೆ ಸುಲಿಯುವ ಯಂತ್ರದ ಬಗ್ಗೆ ನೀವು ಬರೆಯದಿದ್ದರೆ ಅಲ್ಲಿಯೂ ಇನ್ನಾರೋ ಬರೆದದ್ದೇ ಉತ್ತರವಾಗುತ್ತದೆ.

ಎರಡನೆಯ ಆಕ್ಷೇಪ ಅಂಗಡಿಯವರದು, ಇದರಲ್ಲಿ ನೋವಿದೆ: "ನಾವು ಕನ್ನಡದಲ್ಲೇ ಹಾಕಿದ್ದೆವು. ಏನೂ ಆಗಲಿಲ್ಲ."

ಹೀಗೆಂದವರು ಹಾಕಿದ್ದನ್ನು ತೆರೆದು ನೋಡಿದರೆ ಬಹಳ ಸಲ ಸಿಗುವುದು ಒಂದು ಪೋಸ್ಟರು. ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ ಪಾಂಪ್ಲೆಟನ್ನೇ ಚಿತ್ರವಾಗಿ ಏರಿಸಿರುತ್ತಾರೆ. ಕಣ್ಣಿಗೆ ಚೆಂದ. ಆದರೆ ಚಿತ್ರದೊಳಗಿನ ಅಕ್ಷರವನ್ನು ಶೋಧಯಂತ್ರ ಬರೆದ ಪಠ್ಯದಷ್ಟು ನೆಚ್ಚಿ ಓದುವುದಿಲ್ಲ. ಇನ್ನು ಕೆಲವರದು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಪುಟ. ಮುದ್ರಣಾಲಯಗಳು ಇಂದಿಗೂ ನೆಚ್ಚಿರುವ ಆ ಫಾಂಟುಗಳಲ್ಲಿ ಪರದೆಯ ಮೇಲೆ ಕಾಣುವುದು ಕನ್ನಡ, ಒಳಗೆ ದಾಖಲಾಗಿರುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಯಂತ್ರ ಓದುವುದು ಒಳಗಿನದನ್ನು. ನೀವು "ಮದುವೆ ಮಂಟಪದ ಅಲಂಕಾರ" ಎಂದು ಬರೆದಿದ್ದೀರಿ, ಅದರ ಪಾಲಿಗೆ ಅಲ್ಲಿ ಮದುವೆಯೂ ಇಲ್ಲ, ಮಂಟಪವೂ ಇಲ್ಲ. ಯುನಿಕೋಡ್‌ನಲ್ಲಿ ಬರೆದರೆ ಮಾತ್ರ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಕೇತ ಇರುತ್ತದೆ. 1991ರಲ್ಲಿ ಬಂದ ಮೊದಲ ಯುನಿಕೋಡ್ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿದೆ. ಈಗಿನ ಮೊಬೈಲಿನಲ್ಲಿ ಟೈಪಿಸುವುದೆಲ್ಲ ಯುನಿಕೋಡೇ. ಪರೀಕ್ಷೆ ಸುಲಭ: ನಿಮ್ಮ ಪುಟದಿಂದ ಒಂದು ಸಾಲನ್ನು ಬೆರಳಿಟ್ಟು ಕಾಪಿ ಮಾಡಿ ವಾಟ್ಸ್ಯಾಪಿನಲ್ಲಿ ಪೇಸ್ಟ್ ಮಾಡಿ. ಕನ್ನಡವಾಗಿಯೇ ಬಂದರೆ ಸರಿ. ವಿಚಿತ್ರ ಗುರುತುಗಳು ಬಂದರೆ, ಅಥವಾ ಕಾಪಿಯೇ ಆಗದಿದ್ದರೆ, ನೀವು ಅಂತರಜಾಲದಲ್ಲಿ ಕನ್ನಡದಲ್ಲಿ ಇನ್ನೂ ಏನನ್ನೂ ಬರೆದಿಲ್ಲ.

ಈ ದೋಷವನ್ನು ನಾನು ಅಂಗಡಿಯವರ ಮೇಲೆ ಹೊರಿಸುವುದಿಲ್ಲ. ದುಡ್ಡು ಪಡೆದು ಪುಟ ಮಾಡಿಕೊಟ್ಟವರು ಇದನ್ನು ತಿಳಿಸಬೇಕಿತ್ತು.

"ಇದೆಲ್ಲ ದುಡ್ಡಿದ್ದವರ ಆಟ. ಕೊಟ್ಟವರು ಮೇಲೆ, ಕೊಡದವರು ಕೆಳಗೆ" ಎಂಬುದು ಮುಂದಿನ ಮಾತು. ಇಲ್ಲಿ ಎರಡು ಬೇರೆ ಬೇರೆ ವಿಷಯಗಳು ಕಲಸಿಹೋಗಿವೆ. ಶೋಧದ ಪುಟದಲ್ಲಿ ಪ್ರಾಯೋಜಿತ ಎಂಬ ಗುರುತಿನೊಂದಿಗೆ ಬರುವುದು ಜಾಹೀರಾತು, ಅದಕ್ಕೆ ಹಣ ಬೇಕು. ಕೆಳಗಿನ ಸಹಜ ಫಲಿತಾಂಶಗಳಿಗೂ, ಮ್ಯಾಪಿನಲ್ಲಿ ಕಾಣುವ ಸಹಜ ಪಟ್ಟಿಗೂ ಹಣ ಪಡೆದು ಜಾಗ ಕೊಡುವುದಿಲ್ಲ ಎಂದು ಗೂಗಲ್ ತನ್ನ ಸೂಚನೆಯಲ್ಲೇ ಬರೆದಿದೆ. ಊರಿನ ಅಂಗಡಿಗಳ ಪಟ್ಟಿಯಲ್ಲಿ ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದು ಮುಖ್ಯವಾಗಿ ಮೂರು: ಕೇಳಿದ್ದಕ್ಕೂ ನಿಮ್ಮ ವಿವರಕ್ಕೂ ಎಷ್ಟು ಹೊಂದಿಕೆ, ಕೇಳಿದವರಿಂದ ನೀವು ಎಷ್ಟು ದೂರ, ನಿಮ್ಮ ಹೆಸರು ಎಷ್ಟು ಮಂದಿಗೆ ಗೊತ್ತು. ದೂರವನ್ನು ಬದಲಿಸಲು ಯಾರಿಗೂ ಆಗದು. ಹೊಂದಿಕೆ ಮಾತ್ರ ಪೂರ್ತಿ ನಿಮ್ಮ ಕೈಯಲ್ಲಿದೆ. ಅಂಗಡಿಯ ವಿವರ ತುಂಬುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಉಚಿತ. ಅದರಲ್ಲಿ ವಿವರ ಬರೆಯಲು 750 ಅಕ್ಷರಗಳ ಜಾಗವಿದೆ. ಅದನ್ನು ಖಾಲಿ ಬಿಟ್ಟೋ, "ಉತ್ತಮ ಗುಣಮಟ್ಟ, ಗ್ರಾಹಕರೇ ದೇವರು" ಎಂದು ಬರೆದೋ ಕೈತೊಳೆದುಕೊಂಡವರು ಎಷ್ಟು ಮಂದಿ! ಏನು ಮಾಡುತ್ತೀರಿ, ಯಾವ ಊರಿನಲ್ಲಿ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ವಾರದ ರಜೆ ಯಾವತ್ತು, ಮನೆಗೆ ಬಂದು ಕೆಲಸ ಮಾಡಿಕೊಡುತ್ತೀರೋ ಇಲ್ಲವೋ ಎಂಬುದನ್ನು ಬರೆಯಲು ಹಣ ಬೇಕಿಲ್ಲ.

ಹಣವನ್ನು ದಾರಿ ತಪ್ಪಿಸುವ ಕರೆಗಳ ಬಗ್ಗೆ ಇಲ್ಲೇ ಹೇಳಿಬಿಡಬೇಕು. "ನಾವು ಗೂಗಲ್‌ನವರು, ಇಷ್ಟು ಸಾವಿರ ಕಟ್ಟಿದರೆ ಮೊದಲ ಸ್ಥಾನ ಖಾತ್ರಿ" ಎಂದು ಫೋನು ಮಾಡುವವರಿದ್ದಾರೆ. ಮೊದಲ ಸ್ಥಾನದ ಖಾತ್ರಿ ಯಾರಿಂದಲೂ ಕೊಡಲಾಗದು ಎಂದು ಗೂಗಲ್ಲೇ ಬರೆದು ಪ್ರಕಟಿಸಿದೆ. ಅಡ್ಡದಾರಿಯಲ್ಲಿ ಮೇಲೇರಿದವರ ಗತಿಯೂ ದಾಖಲಾಗಿದೆ. 2006ರಲ್ಲಿ ಬಿಎಂಡಬ್ಲ್ಯು ಕಂಪನಿಯ ಜರ್ಮನ್ ಪುಟವನ್ನೇ ಗೂಗಲ್ ತನ್ನ ಪಟ್ಟಿಯಿಂದ ಕೆಲಕಾಲ ತೆಗೆದುಹಾಕಿತು. ಯಂತ್ರಕ್ಕೊಂದು ಪುಟ, ಜನರಿಗೊಂದು ಪುಟ ತೋರಿಸಿದ್ದು ಅದರ ತಪ್ಪು. 2011ರಲ್ಲಿ ಅಮೆರಿಕದ ದೊಡ್ಡ ಅಂಗಡಿ ಸರಣಿ ಜೆ.ಸಿ. ಪೆನ್ನಿಗಾಗಿ ಸಂಬಂಧವೇ ಇಲ್ಲದ ಸಾವಿರಾರು ಪುಟಗಳಲ್ಲಿ ಲಿಂಕುಗಳನ್ನು ಇಡಿಸಿದ್ದನ್ನು ನ್ಯೂಯಾರ್ಕ್ ಟೈಮ್ಸ್ ಬಯಲಿಗೆಳೆಯಿತು. ಹಬ್ಬದ ಕಾಲದಲ್ಲಿ ಮೊದಲ ಸ್ಥಾನದಲ್ಲಿದ್ದ ಅಂಗಡಿ ಕೆಲವೇ ದಿನಗಳಲ್ಲಿ ಎಷ್ಟೋ ಪುಟ ಹಿಂದಕ್ಕೆ ಬಿತ್ತು. ತನಗೆ ಇದು ಗೊತ್ತೇ ಇರಲಿಲ್ಲ ಎಂದು ಕಂಪನಿ ಹೇಳಿ ಏಜೆನ್ಸಿಯನ್ನು ಕೈಬಿಟ್ಟಿತು. ಏಜೆನ್ಸಿ ಮಾಡಿದ್ದಕ್ಕೆ ಕೆಳಗಿಳಿದದ್ದು ಕಂಪನಿಯ ಪುಟ. ಅಷ್ಟು ದೊಡ್ಡವರು ಆ ಹೊಡೆತವನ್ನು ತಡೆದುಕೊಂಡರು, ದಾವಣಗೆರೆಯ ಬಟ್ಟೆ ಅಂಗಡಿ ತಡೆದುಕೊಳ್ಳಲಾರದು.

"ಇನ್‌ಸ್ಟಾಗ್ರಾಂನಲ್ಲಿ ಸಾವಿರಾರು ಫಾಲೋವರ್ಸ್ ಇದ್ದಾರೆ, ಗಿರಾಕಿಗಳ ವಾಟ್ಸ್ಯಾಪ್ ಗುಂಪಿದೆ, ಬೇರೆ ಪುಟದ ಗೋಜೇಕೆ?" ಎಂದು ಕೇಳುವವರು ಹೆಚ್ಚಾಗಿ ಚಿಕ್ಕ ವಯಸ್ಸಿನವರು, ದುಡಿಮೆಗಾರರು, ರೀಲ್ಸ್ ಮಾಡಿ ನಿಜವಾಗಿಯೂ ವ್ಯಾಪಾರ ಬೆಳೆಸಿದವರು. ಅವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಅದಕ್ಕೇ ಅವರಿಗೆ ಒಂದು ತಾರೀಖು ನೆನಪಿಸುತ್ತೇನೆ: 2020ರ ಜೂನ್ 29. ಅಂದು ಕೇಂದ್ರ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿತು, ಟಿಕ್‌ಟಾಕ್ ಅದರಲ್ಲೊಂದು. ನಿಷೇಧ ಸರಿಯೋ ತಪ್ಪೋ ಎಂಬುದು ಬೇರೆಯೇ ಚರ್ಚೆ. ಆದರೆ ವರ್ಷಗಟ್ಟಲೆ ಕಷ್ಟಪಟ್ಟು ಅಲ್ಲಿ ಅಭಿಮಾನಿಗಳನ್ನು ಗಳಿಸಿದವರಿಗೆ ಅವರನ್ನು ಕರೆದೊಯ್ಯಲು ದಾರಿಯೇ ಇರಲಿಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್ಯಾಪ್ ಮೂರೂ ಆರು ಗಂಟೆಗಳ ಕಾಲ ಒಟ್ಟಿಗೆ ನಿಂತವು. 2018ರ ಜನವರಿಯಲ್ಲಿ ಫೇಸ್‌ಬುಕ್ ಗೆಳೆಯರ, ಮನೆಯವರ ಪೋಸ್ಟುಗಳಿಗೆ ಆದ್ಯತೆ ಎಂದು ತೀರ್ಮಾನಿಸಿದಾಗ ವ್ಯಾಪಾರದ ಪುಟಗಳ ಪೋಸ್ಟು ಹಿಂದೆ ಸರಿಯಿತು. ತಮ್ಮ ಫಾಲೋವರ್ಸ್‌ಗೇ ತಲುಪಲು ಅಂಗಡಿಯವರು ಹಣ ತೆರಬೇಕಾಯಿತು. ಗೂಗಲ್ ಕೂಡ ಇದಕ್ಕೆ ಹೊರತಲ್ಲ. ಬಿಸಿನೆಸ್ ಪ್ರೊಫೈಲಿನ ಜೊತೆಗೆ ಅದು ಉಚಿತವಾಗಿ ಕೊಡುತ್ತಿದ್ದ ಸಣ್ಣ ವೆಬ್‌ಸೈಟುಗಳನ್ನು ನಮ್ಮಲ್ಲೂ ಅನೇಕ ಅಂಗಡಿಗಳು ನೆಚ್ಚಿಕೊಂಡಿದ್ದವು. 2024ರ ಮಾರ್ಚ್‌ನಲ್ಲಿ ಅವನ್ನೆಲ್ಲ ಮುಚ್ಚಲಾಯಿತು.

ರೀಲ್ಸ್ ಬಿಡಿ ಎನ್ನುತ್ತಿಲ್ಲ. ರೀಲ್ಸ್ ನೋಡಿದವರು ನಾಳೆ ನಿಮ್ಮ ಹೆಸರು ಹುಡುಕಿದಾಗ ನಿಮ್ಮದೇ ಹೆಸರಿನ ಪುಟವೊಂದು ಸಿಗಲಿ. ಸ್ವಂತ ಡೊಮೈನ್ ಹೆಸರಿಗೆ ಸಾಮಾನ್ಯವಾಗಿ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು ಖರ್ಚು. ಆ ಹೆಸರನ್ನು ಏಜೆನ್ಸಿಯ ಖಾತೆಯಲ್ಲಿ ಕೊಳ್ಳದೆ ನಿಮ್ಮದೇ ಮೇಲ್ ವಿಳಾಸದಲ್ಲಿ ಕೊಳ್ಳಿ. ಇದು ಸಣ್ಣ ಮಾತೆಂದು ಕಡೆಗಣಿಸಬೇಡಿ. ಏಜೆನ್ಸಿಯೊಂದಿಗೆ ಜಗಳವಾದಾಗ ಹೆಸರನ್ನೇ ಕಳೆದುಕೊಂಡವರಿದ್ದಾರೆ. ವಾಟ್ಸ್ಯಾಪ್ ಗುಂಪು ಇದ್ದವರನ್ನು ಉಳಿಸಿಕೊಳ್ಳಲು ಒಳ್ಳೆಯದು, ಆದರೆ ಅದರೊಳಗಿನ ಒಂದು ಪದವೂ ಹೊರಗಿನ ಹೊಸ ಗಿರಾಕಿಯ ಶೋಧಕ್ಕೆ ಸಿಗುವುದಿಲ್ಲ.

"ಸ್ಟಾರು, ರಿವ್ಯೂ ಕೊಂಡುಕೊಳ್ಳುವುದನ್ನು ಎಲ್ಲರೂ ಮಾಡುತ್ತಾರೆ" ಎಂಬ ವಾದಕ್ಕೆ ಹೆಚ್ಚು ಜಾಗ ಕೊಡಲಾರೆ. ಎಲ್ಲರೂ ಮಾಡುವುದಿಲ್ಲ. ಭಾರತೀಯ ಮಾನಕ ಬ್ಯೂರೋ 2022ರ ನವೆಂಬರ್‌ನಲ್ಲಿ ಆನ್‌ಲೈನ್ ರಿವ್ಯೂಗಳಿಗಾಗಿಯೇ ಐಎಸ್ 19000 ಎಂಬ ಮಾನಕ ತಂದಿತು; ಹಣ ಕೊಟ್ಟು ಬರೆಸಿದ ರಿವ್ಯೂಗೆ ಅದರಲ್ಲಿ ಜಾಗವಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಹಣವನ್ನೋ ಉಚಿತ ಸರಕನ್ನೋ ಪಡೆದು ಹೊಗಳುವ ಇನ್‌ಫ್ಲುಯೆನ್ಸರ್‌ಗಳು ಅದನ್ನು ನೋಡುಗರಿಗೆ ಸ್ಪಷ್ಟವಾಗಿ ತಿಳಿಸಬೇಕು. ಸುಳ್ಳು ರಿವ್ಯೂ ಕಂಡಾಗ ಗೂಗಲ್ ಅದನ್ನು ತೆಗೆಯುತ್ತದೆ, ಆ ಅಂಗಡಿಗೆ ಹೊಸ ರಿವ್ಯೂ ಬಾರದಂತೆ ಕೆಲಕಾಲ ತಡೆಯಲೂಬಹುದು. ಇದೆಲ್ಲ ದಂಡದ ಭಯ. ಭಯಕ್ಕಿಂತ ಮುಖ್ಯವಾದ ಮಾತು ಬೇರೆಯಿದೆ: ನಿಮ್ಮ ಪಕ್ಕದ ಅಂಗಡಿಯವರು ಪ್ರಾಮಾಣಿಕವಾಗಿ ಗಳಿಸಿದ ನಲವತ್ತು ಒಳ್ಳೆಯ ಮಾತುಗಳನ್ನು ನೀವು ಕೊಂಡ ನಾನೂರು ಸುಳ್ಳು ಮುಚ್ಚಿಹಾಕುತ್ತವೆ. ಅದು ಕಳ್ಳತನ. ಬಂದ ಗಿರಾಕಿಯನ್ನು "ಹೇಗಿತ್ತು, ಎರಡು ಸಾಲು ಬರೆಯಿರಿ" ಎಂದು ಕೇಳಿ. ಟೀಕೆ ಬಂದರೆ ಕನ್ನಡದಲ್ಲೇ ಸಮಾಧಾನವಾಗಿ ಉತ್ತರಿಸಿ. ಆ ಉತ್ತರವನ್ನು ಮುಂದಿನ ಗಿರಾಕಿ ಓದುತ್ತಾರೆ.

ಇನ್ನು ಹಿರಿಯರ ಮಾತು. "ಒಳ್ಳೆಯ ಸರಕು ತಾನೇ ಮಾರಾಟವಾಗುತ್ತದೆ. ತನ್ನನ್ನು ತಾನೇ ಹೊಗಳಿಕೊಳ್ಳುವುದು ನಮ್ಮ ಸಂಸ್ಕಾರವಲ್ಲ."

ಸಂಕೋಚ ನಮ್ಮವರ ಒಳ್ಳೆಯ ಗುಣಗಳಲ್ಲಿ ಒಂದು, ಅದನ್ನು ಹಳಿಯಲಾರೆ. ಆದರೆ ಒಳ್ಳೆಯ ಸರಕು ತಾನೇ ಮಾರಾಟವಾಗುತ್ತದೆ ಎಂಬುದನ್ನು ನಮ್ಮ ನಾಡಿನ ಅತ್ಯಂತ ಪ್ರಸಿದ್ಧ ಸರಕೇ ಸುಳ್ಳಾಗಿಸಿದೆ. ಮೊದಲ ಮಹಾಯುದ್ಧದಲ್ಲಿ ಶ್ರೀಗಂಧದ ರಫ್ತು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ್ ಆಳುತ್ತಿದ್ದ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಮೈಸೂರು ಸಂಸ್ಥಾನ ಗಂಧದೆಣ್ಣೆ ತೆಗೆಯುವ ಕೆಲಸಕ್ಕೆ ಕೈಹಾಕಿತು. ಅದರ ಬೆನ್ನಿಗೇ ಮೈಸೂರು ಸ್ಯಾಂಡಲ್ ಸೋಪು ಬಂತು. ಸೋಸಲೆ ಗರಳಪುರಿ ಶಾಸ್ತ್ರಿಗಳು ಅದರ ತಯಾರಿಕೆಯ ಬೆನ್ನೆಲುಬು. ಸರಕು ಅಪ್ಪಟ, ಗಂಧ ಅಪ್ಪಟ. ಅಷ್ಟಾದರೂ ಅದನ್ನು ಮಾಡಿದವರು ಸುಮ್ಮನೆ ಕೂರಲಿಲ್ಲ. ಟ್ರಾಮ್ ಟಿಕೆಟುಗಳ ಮೇಲೆ, ಬೆಂಕಿಪೊಟ್ಟಣಗಳ ಮೇಲೆ ಸೋಪಿನ ಚಿತ್ರ ಹಾಕಿಸಿದರು. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆ ಮಾಡಿಸಿದರು. ಆ ಕಾಲದಲ್ಲಿ ಜನ ಎಲ್ಲಿ ನೋಡುತ್ತಿದ್ದರೋ ಅಲ್ಲಿ ಹೆಸರು ಕಾಣಿಸಿದರು. ಸರಕಿನ ಬಗ್ಗೆ ನಿಜ ಹೇಳುವುದಕ್ಕೂ ಜಂಬಕ್ಕೂ ವ್ಯತ್ಯಾಸವಿದೆ. ಬ್ಯಾಡಗಿ ಮೆಣಸಿನಕಾಯಿ, ಚನ್ನಪಟ್ಟಣದ ಗೊಂಬೆ, ಇಳಕಲ್ ಸೀರೆಗಳಿಗೆ ಭೌಗೋಳಿಕ ಗುರುತಿನ ಕಾನೂನು ರಕ್ಷಣೆ ಸಿಕ್ಕಿದೆ. ಆ ಹೆಸರಿನಲ್ಲಿ ನಕಲಿ ಮಾರುವವರು ಅಂತರಜಾಲದಲ್ಲಿ ಗಟ್ಟಿಯಾಗಿ ಕೂಗುತ್ತಿರುವಾಗ ಅಸಲಿ ಮಾಡುವವರು ಸಂಕೋಚದಿಂದ ಸುಮ್ಮನಿದ್ದರೆ ಕಾನೂನೊಂದೇ ಅವರನ್ನು ಕಾಯಲಾರದು.

ಕೊನೆಯದು ಹೊಸ ಮಾತು: "ಇನ್ನು ಎಐ ನೇರವಾಗಿ ಉತ್ತರ ಕೊಡುತ್ತದೆ. ಪುಟವನ್ನು ಯಾರು ತೆರೆಯುತ್ತಾರೆ?" ಬರೀ ಮಾಹಿತಿ ಕೊಡುವ ಪುಟಗಳಿಗೆ ಓದುಗರು ಕಡಿಮೆಯಾಗುವ ಅಪಾಯ ನಿಜವಾಗಿಯೂ ಇದೆ. ಆದರೆ ಎಐ ಪಂಪ್‌ಸೆಟ್ ರಿಪೇರಿ ಮಾಡುವುದಿಲ್ಲ, ರವಿಕೆ ಹೊಲಿಯುವುದಿಲ್ಲ. ಯಾರಿಗೆ ಫೋನು ಮಾಡಬೇಕು ಎಂದು ಅದು ಹೇಳಬೇಕಾದರೂ ಎಲ್ಲೋ ಯಾರೋ ಬರೆದದ್ದನ್ನು ಓದಿಯೇ ಹೇಳಬೇಕು. ಕನ್ನಡದಲ್ಲಿ ಬರೆದದ್ದು ಕಡಿಮೆ ಇದ್ದಷ್ಟೂ ಕನ್ನಡಿಗರಿಗೆ ಅದು ಕೊಡುವ ಉತ್ತರ ಕಳಪೆಯಾಗುತ್ತದೆ. ಬರೆಯುವ ಅಗತ್ಯ ಇದರಿಂದ ಹೆಚ್ಚಾಗಿದೆ.

ಅಂಗಡಿಯ ಮುಂದಿನ ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ತಿದ್ದುಪಡಿ ಮಾಡಿಸಿಕೊಂಡವರು ನಾವು. ಮೊಬೈಲಿನೊಳಗಿನ ಬೋರ್ಡಿಗೆ ಅಂಥ ಕಾನೂನಿಲ್ಲ, ಬೇಕೂ ಇಲ್ಲ. ಅದನ್ನು ಬರೆಯುವ ಅಧಿಕಾರ ಈಗಾಗಲೇ ನಿಮ್ಮ ಬೆರಳ ತುದಿಯಲ್ಲಿದೆ. ಏಜೆನ್ಸಿ ನಡೆಸುವ ಗೆಳೆಯರೇ, ನಿಮ್ಮ ಮುಂದಿನ ಗಿರಾಕಿಗೆ ಕೀವರ್ಡ್ ಲೆಕ್ಕ ತೋರಿಸುವ ಮೊದಲು ಒಂದು ಪುಟವನ್ನು ಯುನಿಕೋಡ್ ಕನ್ನಡದಲ್ಲಿ ಬರೆದುಕೊಟ್ಟು ಆರು ತಿಂಗಳು ಕಾದು ನೋಡಿ. ಅಂಗಡಿಯವರೇ, ನಿಮ್ಮ ಪ್ರೊಫೈಲನ್ನು ಇವತ್ತೇ ತೆರೆಯಿರಿ. ಹೆಸರು, ಊರು, ಸಮಯ, ಮಾಡುವ ಕೆಲಸ, ಫೋನು, ಇವಿಷ್ಟನ್ನು ಎದುರಿಗೆ ಬಂದ ಗಿರಾಕಿಗೆ ಹೇಳುವ ಮಾತಿನಲ್ಲೇ ಕನ್ನಡದಲ್ಲಿ ಬರೆಯಿರಿ. ಬರೆದು ಮುಗಿಸಿ, ಮನೆಯವರ ಮೊಬೈಲಿನಲ್ಲಿ ಕನ್ನಡದಲ್ಲೇ ಮಾತಾಡಿ ಹುಡುಕಿ, ಸಿಗುತ್ತದೆಯೇ ನೋಡಿ. ಸಿಗದಿದ್ದರೆ ಬರೆದದ್ದನ್ನು ತಿದ್ದಿ, ಮುಂದಿನ ವಾರ ಮತ್ತೆ ಹುಡುಕಿ.